ಚಿಕ್ಕಪ್ಪ ಕಟ್ಟಿದ ಮೂರು ದಿಬ್ಬ

ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ನೊಣವಿನಕೆರೆಯ ನಮ್ಮ ಮನೆಯ ಹಿತ್ತಿಲು, ತೆಂಗಿನ ಮಟ್ಟೆಯ ರಾಶಿ, ಅದರ ಪಕ್ಕ ಮೊಣಕೈವರೆಗೂ ಮಣ್ಣು ಮೆತ್ತಿಕೊಂಡು ಕೂತ ಚಿಕ್ಕಪ್ಪ ಕಣ್ಣಮುಂದೆ ಬರುತ್ತಾನೆ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಮೈಸೂರಿನಲ್ಲಿ ಶಿಲ್ಪ ಕಲಿತು ಬಂದಿದ್ದ ಅವನನ್ನು ಕೊಬ್ಬರಿ ವ್ಯಾಪಾರದ ಸಿದ್ಧರಾಮಣ್ಣ ಕರೆಸಿ, ತೀರಿಹೋದ ತಮ್ಮ ತಂದೆಯ ಪ್ರತಿಮೆಯನ್ನು ಶಾಲೆಗೆ ತಾವು ಬಿಟ್ಟುಕೊಟ್ಟ ಜಾಗದಲ್ಲಿ ಮಾಡಿಕೊಡು ಎಂದರು. ಚಿಕ್ಕಪ್ಪ ಒಪ್ಪಲಿಲ್ಲ.

"ನಿಮ್ಮಪ್ಪ ಮಕ್ಳನ್ನ ಹೆಗಲ ಮೇಲೆ ಹೊತ್ಕೊಂಡೇ ತಿರುಗ್ದೋರು. ಮಕ್ಳು ಹತ್ತಂಗಿರೋದು ಏನಾದ್ರೂ ಮಾಡ್ತೀನಿ, ಬುಡಿ" ಅಂದ.

"ಮಾಡಪ್ಪ, ಊರೋರು ನಗದಂಗಿದ್ರೆ ಸಾಕು" ಎಂದು ಅವರು ಅರೆಮನಸ್ಸಿನಿಂದ ಹೂಂಗುಟ್ಟಿದರು.

ಆಮೇಲೆ ಒಂದು ತಿಂಗಳು ಚಿಕ್ಕಪ್ಪ ಕೆಲಸವನ್ನೇ ಮುಟ್ಟಲಿಲ್ಲ. ಶಾಲೆಯ ಜಗಲಿಯಲ್ಲಿ ಕೂತು ಮಕ್ಕಳು ಎಲ್ಲಿ ಓಡುತ್ತಾರೆ, ಎಲ್ಲಿ ಬಚ್ಚಿಟ್ಟುಕೊಳ್ಳುತ್ತಾರೆ, ಜಗಳವಾಡಿ ಮುನಿಸಿಕೊಂಡವರು ಎಲ್ಲಿ ಹೋಗಿ ಕೂರುತ್ತಾರೆ ಎಂದು ನೋಡಿದ್ದೇ ನೋಡಿದ್ದು. ಹಿತ್ತಿಲಲ್ಲಿ ಮಣ್ಣಿನ ಪುಟ್ಟ ದಿಬ್ಬಗಳನ್ನು ಮಾಡಿ ಕೆಡವಿದ, ಮತ್ತೆ ಮಾಡಿದ. ಪೋಲಿಯೊದಿಂದ ಬಲಗಾಲು ಸೊರಗಿದ್ದ ನಮ್ಮಕ್ಕನನ್ನು ಹಸಿಮಣ್ಣಿನ ಮೇಲೆ ನಡೆಸಿ, ಹೆಜ್ಜೆಯಿಂದ ಹೆಜ್ಜೆಗೆ ತೆಂಗಿನ ಗರಿಕಡ್ಡಿ ಇಟ್ಟು ಅಳೆದುಕೊಂಡ. ಅಕ್ಕನನ್ನು ಅಲ್ಲಿವರೆಗೆ ಯಾರೂ ಆಟಕ್ಕೆ ಕರೆದಿರಲಿಲ್ಲ.

ಕೊನೆಗೆ ಶಾಲೆಯ ಪಕ್ಕ, ಮಲಗಿದ ಎಮ್ಮೆಗಳಂತೆ ನುಣುಪಾದ ಮೂರು ಸಿಮೆಂಟಿನ ದಿಬ್ಬ ಎದ್ದವು. ಒಂದಕ್ಕೆ ಗುಹೆ, ಇನ್ನೊಂದಕ್ಕೆ ಜಾರು, ಮೂರನೆಯದಕ್ಕೆ ನಿಧಾನವಾಗಿ ಸುತ್ತಿ ಏರುವ ಮೆಟ್ಟಿಲು. ಊರೆಲ್ಲ ನೆರೆದು ಮುಸಿಮುಸಿ ನಕ್ಕಿತು. ಸಿದ್ಧರಾಮಣ್ಣನ ಮುಖ ಕೆಂಪಾಯಿತು. "ತಲೆನೂ ಇಲ್ಲ, ಬಾಲನೂ ಇಲ್ಲ, ಏನ್ಲಾ ಇದು? ನಾಳೇನೇ ಒಡುಸ್ತೀನಿ!"

ಆಗ ಅಕ್ಕ ನನ್ನ ಕೈ ಬಿಟ್ಟು ಮುಂದೆ ಹೋದಳು. ಕೈಯೂರುತ್ತ, ಕಾಲೆಳೆಯುತ್ತ ಒಂದೊಂದೇ ಮೆಟ್ಟಿಲು ಹತ್ತಿ ತುದಿಯಲ್ಲಿ ನಿಂತು, "ಕೆರೆ ಕಾಣ್ತದೆ ಕಣೇ!" ಎಂದು ಕೂಗಿದಳು. ಮರುಕ್ಷಣ ಮಕ್ಕಳೆಲ್ಲ ಮುಗಿಬಿದ್ದರು. ಸಿದ್ಧರಾಮಣ್ಣ ಕಣ್ಣೊರೆಸಿಕೊಂಡು, "ಇರ್ಲಿ ಬುಡು" ಎಂದರು.

ಚಿಕ್ಕಪ್ಪ ಈಗಿಲ್ಲ. ಆ ಮನೆಯೂ ಕೈಬಿಟ್ಟುಹೋಯಿತು. ರಸ್ತೆ ಅಗಲವಾದಾಗ ದಿಬ್ಬಗಳೂ ಹೋದವು. ಒಂದು ಫೋಟೊ ಕೂಡ ಉಳಿದಿಲ್ಲ. ಮೊನ್ನೆ ಅಕ್ಕನನ್ನು ಕೇಳಿದೆ, "ಅವತ್ತು ಭಯ ಆಗ್ಲಿಲ್ವಾ?"

"ಆಯ್ತು ಕಣೇ. ಕೆಳಗೆ ನೋಡ್ದೆ. ಎಲ್ರೂ ನನ್ನ ಹಿಡಿಯೋಕೆ ಕೈ ಚಾಚ್ಕೊಂಡು ನಿಂತಿದ್ರು. ಚಿಕ್ಕಪ್ಪ ಒಬ್ಬ ಮಾತ್ರ ಕೈ ಕಟ್ಕೊಂಡು ನಿಂತಿದ್ದ. ನಾನು ಬೀಳಲ್ಲ ಅಂತ ಅವನಿಗೆ ಗೊತ್ತಿತ್ತು."