ಹಳಸಿದ ಪೆಟ್ರೋಲಿನ ಮೇಸ್ತ್ರಿ

ನಮ್ಮ ಬೀದಿಯ ಗ್ಯಾರೇಜ್ ಮೇಸ್ತ್ರಿಯ ಮೂಗನ್ನು ನೀವು ನೋಡಬೇಕು. ಅವನ ಹೆಂಡತಿ, ಅಂದರೆ ನನ್ನ ತಂಗಿಯ ಮಗಳು, ಇವನು ಹೆಣ್ಣು ನೋಡಲು ಬಂದಾಗ ಆ ಮೂಗು ಕಂಡೇ ಒಳಗೆ ಓಡಿದ್ದಳು, ಅದಿರಲಿ. ತಿಂಗಳುಗಟ್ಟಲೆ ನಿಂತಿದ್ದ ಸ್ಕೂಟರ್ ಬಂದರೆ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ, "ಪೆಟ್ರೋಲ್ ಹಳಸಿದೆ ಸ್ವಾಮಿ" ಎಂದು ಊಟ ಸೇರದ ಬೀಗರಂತೆ ಮುಖ ಸಿಂಡರಿಸುತ್ತಾನೆ. ಅದಷ್ಟನ್ನೂ ಡಬ್ಬಕ್ಕೆ ಬಸಿದು, ಬಿಗಿಯಾಗಿ ಮುಚ್ಚಿ, ಹಳೆಯ ಎಣ್ಣೆ ಶುದ್ಧಮಾಡುವ ಕಾರ್ಖಾನೆಗೆ ತಾನೇ ಹೊತ್ತೊಯ್ಯುತ್ತಾನೆ, ಮದುಮಗಳನ್ನು ಕರೆದೊಯ್ಯುವಷ್ಟು ಜೋಪಾನವಾಗಿ. "ಹಿತ್ತಲಲ್ಲಿ ಸುರಿದುಬಿಡೋ, ಯಾರು ನೋಡ್ತಾರೆ?" ಎಂದವರಿಗೆ ಅವನು ಬೈಯುವುದಿಲ್ಲ. ಹಿತ್ತಲ ಬಾವಿಯಿಂದ ನೀರು ಸೇದಿ, ಮೊದಲ ಲೋಟವನ್ನು ತನ್ನ ಪುಟ್ಟ ಮಗಳಿಗೆ ಕುಡಿಸಿ, ಎರಡನೆಯದನ್ನು ಅವರ ಕೈಗಿಟ್ಟು, ಎದೆಯುಬ್ಬಿಸಿ ಹೇಳುತ್ತಾನೆ: "ಇಡೀ ಬೀದಿ ಕುಡಿಯೋದು ಇದನ್ನೇ. ಕುಡೀರಿ ಸ್ವಾಮಿ, ಧೈರ್ಯವಾಗಿ ಕುಡೀರಿ!"