ಪಂಕ್ ರೆಕಾರ್ಡಿಗೆ ಬದಲಾಗಿ ಕೊಟ್ಟದ್ದು

ಹೋದ ದೀಪಾವಳಿಗೆ ಮುಂಚೆ ಕುಷ್ಟಗಿಯ ನಮ್ಮ ಮನೆಗೆ ಬಣ್ಣ ಹಚ್ಚಿಸಬೇಕೆಂದು ಗೋಡೆಯ ಸಜ್ಜಾದ ಮೇಲಿನ ಸಾಮಾನೆಲ್ಲ ಕೆಳಗಿಳಿಸಿದೆವು. ಹಳೆಯ ಗಾದಿ, ಮಕ್ಕಳ ಸಣ್ಣ ಸೈಕಲ್ಲು, ತಾಮ್ರದ ಹಂಡೆ, ಇವೆಲ್ಲದರ ಹಿಂದೆ ನನ್ನ ತಗಡಿನ ಟ್ರಂಕು ಇತ್ತು. ಅದನ್ನು ಇಳಿಸುವಾಗ ನನ್ನ ಹೆಂಡತಿಯ ಕೈ ಜಗ್ಗಿತು.

"ಏನೈತ್ರೀ ಇದರಾಗ, ಕಲ್ಲಿದ್ದಂಗ ಐತಿ?"

"ರೆಕಾರ್ಡು. ಹಾಡಿನವು."

"ಇಷ್ಟು ವರ್ಷ ಒಮ್ಮೆನೂ ಹಚ್ಚಿಲ್ಲಲ್ಲ."

ಹೌದು, ಹಚ್ಚಿರಲಿಲ್ಲ. ಟ್ರಂಕಿನಲ್ಲಿ ನಲವತ್ತಕ್ಕೂ ಹೆಚ್ಚು ರೆಕಾರ್ಡುಗಳಿದ್ದವು. ಹೆಚ್ಚಿನವು ಅಂಗೈಗಿಂತ ಸ್ವಲ್ಪ ದೊಡ್ಡವು, ಒಂದು ಮಗ್ಗುಲಿಗೆ ನಾಲ್ಕೈದು ಹಾಡು ತುರುಕಿದಂಥವು. ಹೊದಿಕೆಗಳು ಝೆರಾಕ್ಸ್ ಹೊಡೆದ ಕಪ್ಪು ಬಿಳಿ ಕಾಗದ, ಕೆಲವಕ್ಕೆ ಇಲಿ ಬಾಯಿ ಹಾಕಿತ್ತು. ಅವುಗಳ ಕೆಳಗೆ ಹಳೇ ಲುಂಗಿಯಲ್ಲಿ ಸುತ್ತಿದ ರೆಕಾರ್ಡ್ ಪ್ಲೇಯರ್. ಅದು ಇನ್ನೂ ತಿರುಗುತ್ತದೆಂದು ನನಗೆ ನಂಬಿಕೆ ಇರಲಿಲ್ಲ. ತಿರುಗಿತು. ಮೊದಲು ಕೈಗೆ ಸಿಕ್ಕದ್ದನ್ನು ಇಟ್ಟು ಮುಳ್ಳು ಬಿಟ್ಟೆ. ಡ್ರಮ್ಮು ಗುದ್ದಿತು, ಗಿಟಾರು ಗರಗಸದಂತೆ ಕೊಯ್ಯಿತು, ಯಾರೋ ಒಬ್ಬ ಗಂಟಲು ಹರಿಯುವಂತೆ ಕೂಗತೊಡಗಿದ. ಬಣ್ಣ ಹಚ್ಚುವವರು ಬ್ರಷ್ಷು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು.

"ಇವರಿಗೇನಾಗೇತ್ರಿ? ಯಾಕ ಹಿಂಗ ಒದರಾಕತ್ಯಾರ?" ಎಂದಳು ಹೆಂಡತಿ.

ಇದಕ್ಕೆ ಹಾರ್ಡ್‌ಕೋರ್ ಪಂಕ್ ಅನ್ನುತ್ತಾರೆ, ದೂರದ ಊರುಗಳ ಹುಡುಗರು ಮೂರು ನಾಲ್ಕು ಮಂದಿ ಸೇರಿ ಬಾರಿಸುವುದು, ಹಾಡು ಒಂದು ನಿಮಿಷದಲ್ಲಿ ಮುಗಿಯುತ್ತದೆ, ಅವರಿಗೆ ಸಿಟ್ಟು ಇರುತ್ತದೆ ಎಂದು ಹೇಳಿದೆ.

"ಯಾರ ಮ್ಯಾಲೆ?"

"ಎಲ್ಲಾರ ಮ್ಯಾಲೆ."

"ಹಂಗಾದ್ರ ಒದರ್ಲಿ ಬಿಡ್ರಿ," ಎಂದು ಅವಳು ಒಳಗೆ ಹೋದಳು.

ಟ್ರಂಕಿನ ತಳದಲ್ಲಿ ಒಂದು ರೆಕಾರ್ಡು ಮಾತ್ರ ಬಂದ ದಿನ ಇದ್ದಂತೆಯೇ ಇತ್ತು. ಅದನ್ನು ನಾನು ಒಮ್ಮೆಯೂ ಕೇಳಿಲ್ಲ. ಅದು ನನ್ನ ಕೈಗೆ ಹೇಗೆ ಬಂತೆಂದು ಹೆಂಡತಿಗೂ ಹೇಳಿರಲಿಲ್ಲ.

ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ವರ್ಷ ನಾನು ಗಂಗಾವತಿಯಲ್ಲಿ ಬಿ.ಎ. ಓದುತ್ತಿದ್ದೆ. ಊರು ಯಲಬುರ್ಗಾ ಕಡೆಯ ಒಂದು ಹಳ್ಳಿ. ಗಂಗಾವತಿಯಲ್ಲಿ ಒಂದು ಖೋಲಿ ಹಿಡಿದು ಇದ್ದೆ. ನನಗೆ ಉಗ್ಗು ಇತ್ತು. ಈಗಲೂ ಇದೆ, ಆದರೆ ಆಗ ನನ್ನ ಹೆಸರು ಹೇಳುವುದಕ್ಕೂ ಬಾಯಿ ತೆರೆದು ನಿಲ್ಲಬೇಕಾಗುತ್ತಿತ್ತು. ಎದುರಿನವರು ಕಾಯುತ್ತಿರಲಿಲ್ಲ. ನಾನು ಶುರು ಮಾಡಿದ ಮಾತನ್ನು ಅವರೇ ಮುಗಿಸಿಬಿಡುತ್ತಿದ್ದರು, ಅದೂ ತಪ್ಪಾಗಿ. ನಮ್ಮಪ್ಪನೂ ಹಾಗೇ.

ಕಾಯುತ್ತಿದ್ದವರು ಒಬ್ಬರೇ. ನನ್ನ ಖೋಲಿಯ ಕೆಳಗೆ ಮೈಕ್ ಸೆಟ್ಟಿನ ಅಂಗಡಿ ಇಟ್ಟಿದ್ದ ಚಾಚಾ. ಮದುವೆ, ಉರುಸು, ಪುರಾಣ, ಚುನಾವಣೆ, ಎಲ್ಲದಕ್ಕೂ ಅವರ ಹಾರ್ನು ಹೋಗುತ್ತಿದ್ದವು. ಮೊದಲು ರೆಕಾರ್ಡು ಹಚ್ಚುತ್ತಿದ್ದವರು ಕ್ಯಾಸೆಟ್ಟು ಬಂದ ಮೇಲೆ ಅದನ್ನು ಬಿಟ್ಟಿದ್ದರು. ಎರಡು ಪ್ಲೇಯರು, ಒಂದು ಕಪಾಟು ತುಂಬ ರೆಕಾರ್ಡು ಧೂಳು ತಿನ್ನುತ್ತಿದ್ದವು. ರೆಕಾರ್ಡಿಗೆ ಚಾಚಾ ಪ್ಲೇಟು ಅನ್ನುತ್ತಿದ್ದರು. ಸಂಜೆ ಕಾಲೇಜಿನಿಂದ ಬಂದು ನಾನು ಅಲ್ಲಿ ಕೂರುತ್ತಿದ್ದೆ. ನಾನು ಒಂದು ಶಬ್ದಕ್ಕೆ ತಿಣುಕುತ್ತಿದ್ದರೆ ಅವರು ವೈರು ಸುತ್ತುತ್ತ ಸುಮ್ಮನೆ ಇರುತ್ತಿದ್ದರು. ಶಬ್ದ ಬಂದ ಮೇಲೆಯೇ ತಲೆಯೆತ್ತುತ್ತಿದ್ದರು.

ಒಂದು ದಿನ ಆ ಅಂಗಡಿಗೆ ಆನೆಗೊಂದಿ ಕಡೆ ಇಳಿದುಕೊಂಡಿದ್ದ ಒಬ್ಬ ಜರ್ಮನ್ ಹುಡುಗ ಬಂದ. ತಲೆ ಬೋಳಿಸಿದ್ದ, ಅಂಗಿಯ ಮೇಲೆಲ್ಲ ತೇಪೆ ಹೊಲಿದುಕೊಂಡಿದ್ದ. ಬಸ್ಸಿನಿಂದ ನೋಡಿದಾಗ ಅಂಗಡಿಯಲ್ಲಿ ರೆಕಾರ್ಡ್ ಪ್ಲೇಯರ್ ಕಂಡಿತಂತೆ. ಅವನ ಚೀಲದಲ್ಲಿ ದಾರಿಯಲ್ಲಿ ಯಾರೋ ಕೊಟ್ಟ ಐದಾರು ರೆಕಾರ್ಡಿದ್ದವು, ಕೇಳಲು ಸಾಧನ ಇರಲಿಲ್ಲ. ಚಾಚಾ ಖುಷಿಯಿಂದ ಧೂಳು ಒರೆಸಿ, ತಂತಿ ಜೋಡಿಸಿ, ಹಾರ್ನಿಗೇ ಕೊಟ್ಟರು. ಬಜಾರಿನ ತುಂಬ ಆ ಕೂಗು ಹೊರಟಿತು. ಚಾಚಾ ಗಾಬರಿಯಾಗಿ ಮುಳ್ಳು ಎತ್ತಿದರು.

"ಸ್ಪೀಡ್ ತಪ್ಪೇತಿ ಬೇಟಾ. ಅವನಿಗೆ ಕೇಳು, ಎಷ್ಟರಾಗ ಹಚ್ಚಬೇಕು?"

ಸ್ಪೀಡು ಸರಿಯಾಗಿಯೇ ಇತ್ತು. ಹಾಡೇ ಹಾಗೆ. ಚಾಚಾ ತಲೆ ಕೊಡವಿ ನಕ್ಕು ಮತ್ತೆ ಹಚ್ಚಿದರು. ಎದುರಿನ ಅಂಗಡಿಯವರು ಕಿವಿ ಮುಚ್ಚಿಕೊಂಡರು. ನಾನು ಮಾತ್ರ ಅಲ್ಲಾಡದೆ ನಿಂತಿದ್ದೆ. ಒಬ್ಬ ಮನುಷ್ಯ ಎಲ್ಲಿಯೂ ತಡೆಯದೆ, ಉಸಿರು ತೆಗೆದುಕೊಳ್ಳಲೂ ನಿಲ್ಲದೆ, ಒಳಗಿದ್ದುದನ್ನೆಲ್ಲ ಹೊರಗೆ ಎಸೆಯುತ್ತಿದ್ದ. ಅವನ ಮಾತು ನನಗೆ ತಿಳಿಯಲಿಲ್ಲ. ಆದರೆ ಅವನ ಮಾತನ್ನು ಯಾರೂ ನಡುವೆ ಮುಗಿಸಲಾರರು ಎಂಬುದು ತಿಳಿಯಿತು.

ಹುಡುಗ ಹೋಗುವಾಗ ಆ ರೆಕಾರ್ಡುಗಳನ್ನು ನನಗೇ ಕೊಟ್ಟುಹೋದ. ಒಂದು ಪ್ಲೇಯರನ್ನು ಚಾಚಾ ನನಗೆ ಕೊಟ್ಟುಬಿಟ್ಟರು. ಆಮೇಲೆ ಪತ್ರ ಶುರುವಾದವು. ಪತ್ರದಲ್ಲಿ ನನಗೆ ಉಗ್ಗು ಇರಲಿಲ್ಲವಲ್ಲ, ಡಿಕ್ಷನರಿ ಇಟ್ಟುಕೊಂಡು ಪುಟಗಟ್ಟಲೆ ಬರೆಯುತ್ತಿದ್ದೆ. ಅವನು ರಟ್ಟಿನ ನಡುವೆ ಎರಡೋ ಮೂರೋ ರೆಕಾರ್ಡಿಟ್ಟು, ಜೊತೆಗೆ ಝೆರಾಕ್ಸ್ ಪತ್ರಿಕೆಗಳನ್ನು ತುರುಕಿ ಕಳಿಸುತ್ತಿದ್ದ. ಬದಲಿಗೆ ನಮ್ಮ ಕಡೆಯ ಹಳೆಯ ರೆಕಾರ್ಡು ಬೇಕೆಂದ. ಚಾಚಾಗೆ ಹೇಳಿದೆ. "ಒಯ್ಯಿ ಬೇಟಾ, ಇಲ್ಲಿ ಯಾರು ಕೇಳ್ತಾರ," ಎಂದು ಸಿನಿಮಾ ಹಾಡಿನವನ್ನೆಲ್ಲ ಕೊಟ್ಟರು. ಮೂರು ವರ್ಷ ಹೀಗೆ ನಡೆಯಿತು.

ಅವರು ಕೊಡದೆ ಉಳಿಸಿಕೊಂಡದ್ದು ಒಂದೇ ಪ್ಲೇಟು. ಅದರಲ್ಲಿ ಅವರ ತಂದೆಯ ದನಿ ಇತ್ತು. ಆ ತಂದೆ ಅಳವಂಡಿಯಲ್ಲಿ ಗಾದಿ ಹೊಲಿಯುತ್ತಿದ್ದವರು, ಮೊಹರಮ್ಮಿನಲ್ಲಿ ಕರ್ಬಲಾದ ಕಥೆ ಹೇಳುವ ರಿವಾಯತ್ ಪದ ಹಾಡುವುದರಲ್ಲಿ ಸುತ್ತ ಹತ್ತೂರಿಗೆ ಹೆಸರಾದವರು. ಯಾರೋ ಅವರನ್ನು ಹುಬ್ಬಳ್ಳಿಗೆ ಕರೆದೊಯ್ದು ಎರಡು ಪದ ಹಾಡಿಸಿದ್ದರಂತೆ. ಆ ಕಾಲದ ಅರಗಿನ ಪ್ಲೇಟು, ಕೈತಪ್ಪಿದರೆ ಬಳೆಯಂತೆ ಒಡೆಯುವಂಥದು. ಹಸಿರು ಬಟ್ಟೆಯಲ್ಲಿ ಸುತ್ತಿಟ್ಟು ವರ್ಷಕ್ಕೊಮ್ಮೆ, ಮೊಹರಮ್ಮಿಗೆ ಅಲಾಯಿ ದೇವರು ಕೂಡ್ರುವ ದಿನ ಮಾತ್ರ ಹಚ್ಚುತ್ತಿದ್ದರು. ಹಚ್ಚಿದಾಗ ಅಂಗಡಿ ಮುಂದೆ ಜನ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು.

ನಾನು ಇದನ್ನೆಲ್ಲ ಪತ್ರದಲ್ಲಿ ಬರೆದೆ. ಬರೆಯಬಾರದಿತ್ತು. ಅವನ ಉತ್ತರ ಬಂತು: ಸಿನಿಮಾ ಹಾಡು ಸಾಕು, ಇಂಥದೊಂದು ಸಿಕ್ಕರೆ ನೀನು ಬೇಕು ಬೇಕೆನ್ನುತ್ತಿದ್ದ ಆ ರೆಕಾರ್ಡು ನಿನ್ನದು. ನಾನು ಪತ್ರಿಕೆಗಳಲ್ಲಿ ಓದಿ ಓದಿ ಹುಚ್ಚು ಹಿಡಿಸಿಕೊಂಡಿದ್ದ, ಕೆಲವೇ ಪ್ರತಿ ಒತ್ತಿದ್ದ ರೆಕಾರ್ಡು ಅದು.

ಅದೇ ಹೊತ್ತಿಗೆ ಚಾಚಾ ಒಂದು ಮಾತು ಹೇಳಿದರು. "ಬೇಟಾ, ಅಬ್ಬಾನ ಪ್ಲೇಟು ಸವೆಯಾಕ ಹತ್ತೇತಿ. ಕೊಪ್ಪಳದಾಗ ಪ್ಲೇಟಿನಿಂದ ಕ್ಯಾಸೆಟ್ಟಿಗೆ ಇಳಿಸಿ ಕೊಡವರು ಅದಾರಂತ. ನನಗ ಮದುವಿ ಸೀಜನ್ನು, ಬಿಡುವಿಲ್ಲ. ನೀ ಒಯ್ದು ಇಳಿಸ್ಕೊಂಡು ಬರ್ತಿಯೇನು? ಬ್ಯಾರೆ ಯಾರ ಕೈಯಾಗ ಕೊಡಾಕ ಮನಸಿಲ್ಲ."

ಕೊಪ್ಪಳಕ್ಕೆ ಹೊರಟ ದಿನ ನನ್ನ ಚೀಲದಲ್ಲಿ ಹಸಿರು ಬಟ್ಟೆಯ ಪ್ಲೇಟಿನ ಜೊತೆಗೆ ಎರಡು ಪ್ಲೈವುಡ್ ತುಂಡು, ಹತ್ತಿ, ಹೊಲಿಯಲು ಬಿಳಿ ಕಾಟನ್ ಬಟ್ಟೆ, ದಬ್ಬಳ ಇದ್ದವು. ಅಂದರೆ ಖೋಲಿಯ ಬಾಗಿಲು ಹಾಕುವಾಗಲೇ ಎಲ್ಲ ಗೊತ್ತುಮಾಡಿಕೊಂಡಿದ್ದೆ. ಈ ವಿಷಯದಲ್ಲಿ ನನಗೆ ನಾನೇ ಎಷ್ಟೋ ಸಲ ಸುಳ್ಳು ಹೇಳಿಕೊಂಡಿದ್ದೇನೆ, ಅಲ್ಲಿ ಹೋದ ಮೇಲೆ ಮನಸ್ಸು ಕೆಟ್ಟಿತು ಎಂದು. ಹಾಗಲ್ಲ. ಕ್ಯಾಸೆಟ್ಟಿಗೆ ಇಳಿಸುವಾಗ ಆ ಮುದುಕನ ದನಿ ಕೇಳಿ ಅಂಗಡಿಯವನು, "ಎಂಥಾ ಕಂಠರೀ ಇದು," ಎಂದ. ಆಗಲೂ ನಾನು ಹಿಂದೆ ಸರಿಯಲಿಲ್ಲ. ಪೋಸ್ಟಾಫೀಸಿನ ಕಟ್ಟೆಯ ಮೇಲೆ ಕೂತು ಪಾರ್ಸೆಲ್ಲು ಹೊಲಿದೆ. ಅರಗಿನ ಮುದ್ರೆ ಒತ್ತಿಸಿ ಕಳಿಸಿಬಿಟ್ಟೆ.

ಗಂಗಾವತಿಗೆ ಬಂದು ಕ್ಯಾಸೆಟ್ಟು ಕೊಟ್ಟೆ. "ಬಸ್ಸಿನಾಗ ಹುಲಿಗಿ ಜಾತ್ರಿಗೆ ಹೋಗೋ ಮಂದಿ ಭಾಳ ಇದ್ರು ಚಾಚಾ. ಒತ್ತಾಟದಾಗ ಚೀಲ ಕೆಳಗ ಬಿತ್ತು. ಪ್ಲೇಟು ಒಡೀತು," ಎಂದೆ. ಹೆಸರು ಹೇಳಲು ಬಾರದವನ ನಾಲಿಗೆ ಅವತ್ತು ಒಂದು ಕಡೆಗೂ ತಡವರಿಸಲಿಲ್ಲ.

ಚಾಚಾ ಕ್ಯಾಸೆಟ್ಟನ್ನು ತಿರುವಿ ನೋಡಿದರು. "ನಿನಗೇನೂ ಪೆಟ್ಟಾಗಿಲ್ಲಲ್ಲ?" ಎಂದರು. ಆಮೇಲೆ, "ತುಂಡಾದ್ರೂ ತರಬೇಕಿತ್ತು ಬೇಟಾ," ಎಂದರು. ಅಷ್ಟೇ.

ಎರಡು ತಿಂಗಳಿಗೆ ಜರ್ಮನಿಯಿಂದ ಪಾರ್ಸೆಲ್ಲು ಬಂತು. ಒಳಗೆ ನಾನು ಬಯಸಿದ್ದ ರೆಕಾರ್ಡು, ಜೊತೆಗೆ ಪತ್ರ. ನೀನು ಕಳಿಸಿದ್ದು ಮೂರು ಹೋಳಾಗಿ ಬಂದು ಮುಟ್ಟಿತು, ಕೇಳಲಾಗಲಿಲ್ಲ, ತಪ್ಪು ನಿನ್ನದಲ್ಲ, ಮಾತು ಕೊಟ್ಟಂತೆ ನಿನ್ನ ರೆಕಾರ್ಡು ಕಳಿಸಿದ್ದೇನೆ ಎಂದು ಬರೆದಿದ್ದ. ನಾನು ಪತ್ರ ಹಿಡಿದು ಮೆಟ್ಟಿಲ ಮೇಲೆ ಕೂತೆ. ಕೆಳಗೆ ಚಾಚಾ ಯಾವುದೋ ಮದುವೆಗೆ ಹಾರ್ನು ಹೇರುತ್ತಿದ್ದರು. ಆ ರೆಕಾರ್ಡು ಹಚ್ಚಲು ಕೈ ಬರಲಿಲ್ಲ. ಅವನಿಗೆ ಉತ್ತರ ಬರೆಯಲಿಲ್ಲ. ಅವನು ಮತ್ತೆ ಎರಡು ಸಲ ಬರೆದ, ಆಮೇಲೆ ಬಿಟ್ಟ. ಮುಂದೆ ಎಷ್ಟೋ ವರ್ಷದ ಮೇಲೆ ಆ ಹೋಳುಗಳಾದರೂ ಇವೆಯೇ ಎಂದು ಕೇಳಿ ಬರೆದಾಗ ನನ್ನ ಪತ್ರವೇ ತಿರುಗಿ ಬಂತು.

ನನಗೆ ನೌಕರಿ ಸಿಕ್ಕಿತು, ಕುಷ್ಟಗಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾದೆ. ಗಂಗಾವತಿ ದೂರವೇನಲ್ಲ, ಆದರೂ ಹೋಗುವುದನ್ನು ಕಡಿಮೆ ಮಾಡಿ, ಕೊನೆಗೆ ಬಿಟ್ಟೇಬಿಟ್ಟೆ. ನನ್ನ ಮದುವೆಗೆ ಚಾಚಾ ಬಂದಿದ್ದರು. ಮೈಕ್ ಸೆಟ್ಟು ಅವರದೇ. ಊಟ ಮಾಡದೆ ವೈರಿನ ಹತ್ತಿರವೇ ಕೂತಿದ್ದರು, ಎಲ್ಲಿ ಕರೆಂಟು ಹೋಗುತ್ತದೋ ಎಂದು. ನನ್ನ ತಲೆಯ ಮೇಲೆ ಕೈಯಿಟ್ಟು ದುವಾ ಮಾಡಿದರು. ಅವರ ತಂದೆಯ ದನಿ ಇಳಿಸಿದ್ದ ಆ ಕ್ಯಾಸೆಟ್ಟೂ ಯಂತ್ರಕ್ಕೆ ಸಿಕ್ಕು ಹರಿದುಹೋಯಿತೆಂದು ಅವತ್ತೇ ಹೇಳಿದ್ದು.

ಬಣ್ಣ ಹಚ್ಚಿದ ಆ ವಾರ ನಾನು ಟ್ರಂಕಿನ ರೆಕಾರ್ಡುಗಳನ್ನೆಲ್ಲ ಒಂದೊಂದಾಗಿ ಕೇಳಿದೆ. ಇಪ್ಪತ್ತರ ವಯಸ್ಸಿನಲ್ಲಿ ಮೈ ನಡುಗಿಸಿದ ಕೂಗುಗಳಲ್ಲಿ ಕೆಲವು ಈಗ ಬರೀ ಗದ್ದಲವಾಗಿ ಕೇಳಿದವು, ಕೆಲವು ಇನ್ನೂ ಹಾಗೇ ಎದೆಗೆ ಗುದ್ದಿದವು. ಎಲ್ಲ ಕೇಳಿದ ಮೇಲೆ ಉಳಿದದ್ದು ಅದೊಂದೇ. ಅದನ್ನು ಹಚ್ಚುವ ಬದಲು ಹೆಂಡತಿಯನ್ನು ಕೂಡ್ರಿಸಿಕೊಂಡು ಹೇಳಿದೆ. ಅವಳು ಪೂರ್ತಿ ಕೇಳಿ, "ಅವರು ಇನ್ನೂ ಅದಾರೇನು?" ಎಂದಳು.

ಇದ್ದರು. ಅಂಗಡಿ ಮುಚ್ಚಿ ಕೊಪ್ಪಳದಲ್ಲಿ ಶಾಲೆ ಟೀಚರಾಗಿರುವ ಮಗಳ ಮನೆಯಲ್ಲಿದ್ದರು. ಮುಂದಿನ ಭಾನುವಾರ ಹೋದೆ. ಎಂಬತ್ತು ದಾಟಿದ್ದರೂ, ಚಾಚಾ ಎಂದು ಕರೆದ ದನಿಯಿಂದಲೇ ಗುರುತಿಸಿದರು.

"ಅರೆ, ಬಾ ಬೇಟಾ, ಬಾ. ಈಗ ನೆನಪಾತೇನು ಚಾಚಾಂದು?"

ನಾನು ಹೇಳಲು ಹೋದೆ. ಮೊದಲ ಶಬ್ದವೇ ಹೊರಡಲಿಲ್ಲ. ಅವರು ಮೊದಲಿನಂತೆಯೇ ಕಾದರು, ತಲೆ ತಗ್ಗಿಸಿ, ಅವಸರವಿಲ್ಲದೆ. ಬಹಳ ಹೊತ್ತು ಹಿಡಿಯಿತು, ಆದರೆ ಪ್ಲೈವುಡ್ಡಿನಿಂದ ಹಿಡಿದು ಎಲ್ಲ ಹೇಳಿದೆ. ಮಗಳು ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದಳು.

ಚಾಚಾ ಕೊನೆಗೆ ಕೇಳಿದ್ದು ಒಂದೇ. "ಅಲ್ಲಿ ಯಾರರ ಕೇಳಿದರೇನು, ಒಡಿಯೂಕಿಂತ ಮೊದಲು?"

"ಇಲ್ಲ ಚಾಚಾ. ಒಡಕೊಂಡೇ ಹೋಗಿತ್ತು."

ಅವರು ತಲೆಯಾಡಿಸಿ ಗೋಡೆ ಕಡೆ ತಿರುಗಿದರು. ನಾನು ಕ್ಷಮೆ ಕೇಳಿದೆ. ಕೇಳಿಸಿತೋ ಇಲ್ಲವೋ.

ಮಗಳು ಗೇಟಿನವರೆಗೆ ಬಂದಳು. "ಇಪ್ಪತ್ತು ವರ್ಷದ ಮ್ಯಾಲೆ ಯಾಕ ಹೇಳಿದ್ರಿ? ಬಸ್ಸಿನ ಗದ್ದಲದಾಗ ಒಡೀತು ಅಂತ ಅಬ್ಬಾ ಯಾವಾಗೋ ಸಮಾಧಾನ ಮಾಡ್ಕೊಂಡಿದ್ರು. ಇನ್ನ ಮ್ಯಾಲೆ ನಿಮ್ಮ ಮಾರಿ ನೆನಸ್ತಾರ. ನಿಮಗ ಹಗುರಾತು. ಅವರಿಗೆ?"

ಅವಳು ಹೇಳಿದ್ದು ನಿಜ. ಕದ್ದಾಗಲೂ ನನ್ನ ಬಯಕೆಯನ್ನೇ ನೋಡಿಕೊಂಡಿದ್ದೆ, ಒಪ್ಪಿಕೊಂಡಾಗಲೂ ನನ್ನ ಭಾರವನ್ನೇ. ನಡುವೆ ಇದ್ದ ಮನುಷ್ಯನನ್ನು ಎರಡು ಸಲವೂ ಕೇಳಲಿಲ್ಲ.

ಆದರೂ ಮತ್ತೆ ಹೋದೆ. ಬರಬೇಡಿ ಎಂದು ಅವಳು ಹೇಳಿರಲಿಲ್ಲ. ಚಾಚಾ ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನ ಕಂಡು ಏಳಲು ನೋಡಿದರು.

"ಬರ್ರಿ ಸಾಹೇಬ್ರ, ಕುಂದರ್ರಿ."

ನನ್ನ ಹಿಂದೆ ಬೇರೆ ಯಾರಾದರೂ ಬಂದರೇನೋ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆಫೀಸು ಹೆಂಗ ನಡದೈತ್ರಿ, ಮಕ್ಕಳು ಏನ್ ಓದ್ತಾವ್ರಿ, ಚಹಾ ತಗೋರಿ, ಎಂದೆಲ್ಲ ಕೇಳಿದರು. ಒಂದು ಮಾತೂ ಬಿರುಸಾಗಿರಲಿಲ್ಲ. ಈಗ ತಿಂಗಳಿಗೊಮ್ಮೆ ಹೋಗುತ್ತೇನೆ. ಮೊಣಕಾಲು ನೋವು, ಬಿಸಿಲು, ಮಳೆ ಬಗ್ಗೆ ಮಾತಾಡುತ್ತೇವೆ. ನನ್ನ ಮಾತು ಸಿಕ್ಕಿಕೊಂಡರೆ ಈಗಲೂ ಕಾಯುತ್ತಾರೆ. ಬೇಟಾ ಎಂದು ಮಾತ್ರ ಕರೆದಿಲ್ಲ.