ಗುದ್ದಲಿ ಭಾಷೆಯಲ್ಲಿ ‘ಬಿಡು’ ಅಂದರೇನು?

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಗೆಳೆಯ ವಿರೂಪಾಕ್ಷನ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಕಂಪ್ಲಿಯಿಂದ ಅವನ ಸೋದರಮಾವ ದೊಡ್ಡಬಸಪ್ಪ ಬಂದರು. ಕೂರಲಿಲ್ಲ. ಕೈಚೀಲದಿಂದ ಒಂದು ಹಿಡಿ ಕೊಳೆತ ಭತ್ತದ ಸಸಿ ತೆಗೆದು ಕಂಪ್ಯೂಟರಿನ ಕೀಬೋರ್ಡ್ ಮೇಲೆ ಇಟ್ಟರು.

“ತಗೋ ಅಳಿಯಾ. ನಿನ್ನ ಗುದ್ದಲಿ ಮಾಡಿದ ಕೆಲ್ಸ.”

ವಿರೂಪಾಕ್ಷ ಹೊಸಪೇಟೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರು. ಊರಿಗೆ ಊರೇ ಅದಿರಿನ ಲಾರಿಗಳ ಹಿಂದೆ ಓಡುತ್ತಿರುವಾಗ ಇವನು ಮನೆಯಲ್ಲಿ ಕೂತು ಹೊಸ ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಕಟ್ಟಿದ್ದಾನೆ. ಹೆಸರು ಗುದ್ದಲಿ. ಯಂತ್ರಕ್ಕೆ ಕೊಡುವ ಆಜ್ಞೆಗಳೆಲ್ಲ ಕನ್ನಡ ಪದಗಳು. (ಟೈಪ್ ಮಾಡುವುದು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡ ಫಾಂಟುಗಳ ಜಗಳವೇ ಬೇರೆ.)

ಭಾಷೆ ಇದ್ದರೆ ಸಾಲದು, ಅದು ಓಡಲು ಪ್ಲಾಟ್‌ಫಾರಂ ಬೇಕು ಎಂದ. (ನಮ್ಮದು ರೈಲ್ವೆ ಜಂಕ್ಷನ್. ಕನ್ನಡ ಮೇಷ್ಟ್ರಾದ ನನಗೆ ಗೊತ್ತಿದ್ದ ಪ್ಲಾಟ್‌ಫಾರಂ ಬೇರೆ.) ಗುದ್ದಲಿಯ ಮಾತು ಯಾವ ಯಂತ್ರಕ್ಕಾದರೂ ತಿಳಿಯುವಂತೆ ಮಾಡುವ ಸಾಫ್ಟ್‌ವೇರ್ ಅದು. ಅದನ್ನೂ ಅವನೇ ಬರೆದ. ಒಂದು ಕಾಪಿಯನ್ನು ಸಂಡೂರಿನಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ನಾಗರತ್ನ ಅವರಿಗೆ ಕೊಟ್ಟ.

ಮಾವನಿಗೊಂದು ತೊಂದರೆಯಿತ್ತು. ಕರೆಂಟು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಅದಕ್ಕೆ ಪಂಪ್‌ಶೆಡ್ಡಿನಲ್ಲಿ ಹಳೇ ಕಂಪ್ಯೂಟರ್ ಇಟ್ಟು, ಕರೆಂಟು ಬಂದೊಡನೆ ಸಸಿಮಡಿಗೆ ತಾನೇ ನೀರು ಹಾಯಿಸಿ ತುಂಬಿದಾಗ ನಿಲ್ಲಿಸುವ ಪ್ರೋಗ್ರಾಂ ಹಾಕುವುದೆಂದಾಯಿತು. ವಿರೂಪಾಕ್ಷನಿಗೆ ಪರೀಕ್ಷೆಯ ಕೆಲಸ. ಪ್ರೋಗ್ರಾಂ ಬರೆದದ್ದು ನಾಗರತ್ನ. ಮಾವ ಅದನ್ನು ನಂಬಿ ಬಂಡ್ರಿಗೆ ಮದುವೆಗೆ ಹೋದರು. ಒಂದು ವಾರ ಬಿಟ್ಟು ಬಂದು ನೋಡಿದರೆ ಮಡಿ ಕೆರೆಯಾಗಿದೆ!

ಫೋನ್ ಮಾಡಿದ್ದಕ್ಕೆ ನಾಗರತ್ನ ಸಿಕ್ಕ ಬಸ್ಸು ಹತ್ತಿ ಬಂದರು. ಸೀರೆಯ ಅಂಚೆಲ್ಲ ಕೆಂಪು ಧೂಳು. ಬಂದವರೇ ಪ್ರೋಗ್ರಾಂ ತೆರೆದು ಸಾಲು ತೋರಿಸಿದರು: ‘ಮಡಿ ತುಂಬಿದ್ದರೆ ಬಿಡು.’

“ತಪ್ಪೇನೈತ್ರಿ ಸರ್? ತುಂಬಿದ್ರ ಅದರ ಗೊಡವಿ ಬಿಡು, ಮುಂದಿನ ಸಾಲಿಗೆ ಹೋಗು.”

ವಿರೂಪಾಕ್ಷ ತಲೆ ಹಿಡಿದುಕೊಂಡ. “ಮೇಡಂ, ಬಿಡು ಅಂದ್ರ ನೀರು ಬಿಡು ಅಂತ ಇಟ್ಟೀನಿ ನಾನು!”

ಆದದ್ದಿಷ್ಟು. ನಾಗರತ್ನ ತಮ್ಮ ಕ್ಲಾಸಿನ ಮಕ್ಕಳಿಗೆ ಸುಲಭವಾಗಲೆಂದು ತಮ್ಮ ಕಾಪಿಯಲ್ಲಿ ಆ ಪದದ ಅರ್ಥ ಬದಲಿಸಿಕೊಂಡಿದ್ದರು. ಕಂಪ್ಲಿಯ ಯಂತ್ರದಲ್ಲಿ ಇದ್ದದ್ದು ವಿರೂಪಾಕ್ಷನ ಕಾಪಿ. ಅದು ಹೇಳಿದಂತೆ ಕೇಳಿತು. ಮಡಿ ತುಂಬಿದಷ್ಟೂ ನೀರು ಬಿಟ್ಟಿತು.

“ನನ್ನ ಭಾಷಿ. ನನ್ನ ಕೇಳದೆ ಪದ ಹೆಂಗ ಬದ್ಲಿ ಮಾಡಿದ್ರಿ?”

“ನಿಮ್ದೊಬ್ರುದೇ ಆದ್ರ ನಮಗ್ಯಾಕ ಕೊಟ್ರಿ?” ಎಂದರು ನಾಗರತ್ನ. “ಪದದ ಪಟ್ಟಿ ಕೊಡ್ರಿ ಅಂತ ಎಷ್ಟ್ ಸಲ ಕೇಳೀನಿ? ಎಲ್ಲಾ ನನ್ ತಲಿಯಾಗೈತಿ ಅಂದ್ರಿ.”

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಕನ್ನಡ ಮೇಷ್ಟ್ರಲ್ಲವೇ? ತೀರ್ಪು ಕೊಡಬೇಕಂತೆ.

ಏನೆಂದು ಕೊಡಲಿ? ನಾವು ಬಸ್ಸು ಬಿಡುತ್ತೇವೆ, ಚಟ ಬಿಡುತ್ತೇವೆ. ಗಿಡ ಹೂ ಬಿಡುತ್ತದೆ, ಮಳೆ ಬಿಡುತ್ತದೆ. ಎಂದೂ ಗಾಬರಿಯಾದದ್ದಿಲ್ಲ. ಇದನ್ನೇ ಭಾಷೆಯ ಶ್ರೀಮಂತಿಕೆ ಎಂದು ಇಷ್ಟು ವರ್ಷ ಪಾಠ ಮಾಡಿದ್ದೇನೆ. ಆವತ್ತು ಆ ಶ್ರೀಮಂತಿಕೆ ಕೀಬೋರ್ಡ್ ಮೇಲೆ ಕೊಳೆತು ಬಿದ್ದಿತ್ತು. ಇಬ್ಬರೂ ಸರಿ ಎಂದೆ. ಇಬ್ಬರಿಗೂ ಸಿಟ್ಟು ಬಂತು.

ಕೊನೆಗೆ ನಾಗರತ್ನರೇ, ಆ ಪದವನ್ನು ಭಾಷೆಯಿಂದಲೇ ತೆಗೆಯೋಣ ಎಂದರು. ಬದಲಿಗೆ ಯಾವುದು? ನಾನು ‘ವಿಸರ್ಜಿಸು’ ಎಂದೆ. ದೊಡ್ಡಬಸಪ್ಪ ನನ್ನನ್ನು ನೋಡಿದ ರೀತಿಗೆ ಸುಮ್ಮನಾದೆ.

“ನೀರಿಗೆ ‘ಹಾಯಿಸು’ ಅನ್ರಿ. ಸಾಲಿಗೆ ‘ದಾಟು’ ಅನ್ರಿ. ಇದಕ್ಕ ಇಷ್ಟು ಹೊತ್ತು ಬೇಕೇನ್ರಿ?” ಎಂದರು ಅವರು.

ಮಧ್ಯಾಹ್ನದ ಊಟ ಮರೆತು ಸಂಜೆಯವರೆಗೆ ಕೂತರು. ವಿರೂಪಾಕ್ಷನ ತಲೆಯಲ್ಲಿದ್ದ ಒಂದೊಂದೇ ಪದ ನೋಟ್‌ಬುಕ್ಕಿಗೆ ಇಳಿಯಿತು, ಒಂದು ಪದಕ್ಕೆ ಒಂದೇ ಅರ್ಥ. ಇನ್ನು ಇಬ್ಬರೂ ಒಪ್ಪದೆ ಏನನ್ನೂ ಬದಲಿಸುವಂತಿಲ್ಲ. ಕೆಳಗೆ ಸಹಿ ಹಾಕುವಾಗ ವಿರೂಪಾಕ್ಷನ ಮುಖ ಮಗಳನ್ನು ಗಂಡನ ಮನೆಗೆ ಕಳಿಸುವ ಅಪ್ಪನಂತಿತ್ತು.

ಮರುವಾರ ನಾವೆಲ್ಲ ಕಂಪ್ಲಿಗೆ ಹೋದೆವು. ಪಕ್ಕದ ಹೊಲದವರು ಮಿಕ್ಕ ಸಸಿ ಕೊಟ್ಟಿದ್ದರು, ನಾಟಿಗೆ ಅಡ್ಡಿಯಾಗಲಿಲ್ಲ. ಖಾಲಿ ಮಡಿಯಲ್ಲೇ ಹೊಸ ಪ್ರೋಗ್ರಾಂ ಓಡಿಸಿದರು. ನೀರು ಏರಿತು, ಗುರುತು ಮುಟ್ಟಿತು, ಪಂಪು ನಿಂತಿತು. ನಾಗರತ್ನ ಬದುವಿನ ಮೇಲೆ ಕೂತೇಬಿಟ್ಟರು. ಮಾವ ಮಾತ್ರ, “ಮುಂದಿನ ಬೆಳಿಗೆ ನೋಡೂಣು. ಈ ಸಲ ನಾನೇ ಹಾಯಿಸ್ತೀನಿ” ಎಂದರು.

ವಿದೇಶದ ಕಂಪನಿಯೊಂದರ ಹೊಸ ಭಾಷೆಯ ಬೋರ್ಡು ಈಗ ನಮ್ಮೂರ ಟ್ರೇನಿಂಗ್ ಸೆಂಟರುಗಳಲ್ಲಿ ತೂಗುತ್ತಿದೆ. ಅದಕ್ಕೂ ಸಮಿತಿ ಕೂತು, ಒಂದೊಂದು ಪದಕ್ಕೆ ಕಾದಾಡಿ, ‘ಸ್ಟ್ಯಾಂಡರ್ಡ್’ ಎಂಬ ದಪ್ಪನೆಯ ನಿಯಮಪುಸ್ತಕ ಬರೆದಿದೆಯಂತೆ. ಗುದ್ದಲಿ ಅದರ ಮುಂದೆ ಉಳಿಯುತ್ತದೋ ಇಲ್ಲವೋ, ನನಗೆ ತಿಳಿಯದು. ಯಂತ್ರಗಳ ವಿಷಯ ಹೇಗೋ ಬಗೆಹರಿಯುತ್ತದೆ.

ಆದರೆ ‘ಈಗ ಬಂದೆ’ ಎಂದು ಹೇಳಿ ಮನೆಯಿಂದ ಹೊರಟವರು ಯಾವಾಗ ಬರುತ್ತಾರೆ, ನಿಮಗೇನಾದರೂ ಗೊತ್ತೇ?